ಪದಗಳಿಂದ ಕಟ್ಟಿದ ಗುಹೆ

ಕುಷಾಯಿಗೂಡದಲ್ಲಿ ನೆಲೆಸಿರುವ ನಮ್ಮ ಜನರಿಗೆ ಗಣಕಯಂತ್ರವು ಅಪರಿಚಿತ ವಸ್ತುವಲ್ಲ. 1967ರಲ್ಲಿ ನಮ್ಮ ನೆರೆಯಲ್ಲಿಯೇ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು 1969ರಲ್ಲಿ ಟಿ.ಡಿ.ಸಿ.-12 ಎಂಬ ಗಣಕವನ್ನು ಹೊರತಂದಿತು. ಅದು ವಿಜ್ಞಾನಿಗಳ ಯಂತ್ರ. ಮಕ್ಕಳ ಕೈಗೆಟಕುವ ಮನೆಗಣಕಗಳು ಲೋಕದಲ್ಲಿ ಹರಡಿದ್ದು 1980ರ ದಶಕದಲ್ಲಿ. ಅವುಗಳೊಡನೆ ಹುಟ್ಟಿದ ಒಂದು ಸಾಧನವನ್ನು ಕುರಿತು ವಾಚಕರಿಗೆ ಎರಡು ಮಾತು ಹೇಳಬೇಕೆನಿಸಿದೆ.

ಅಮೆರಿಕದ ಕೆಂಟಕಿಯ ಗುಹೆಗಳಲ್ಲಿ ಸ್ವತಃ ಅಲೆದಾಡಿದ್ದ ವಿಲ್ ಕ್ರೌದರ್ 1970ರ ದಶಕದ ನಡುವೆ ಒಂದು ಆಟವನ್ನು ರಚಿಸಿದನು. ಅದರಲ್ಲಿ ಚಿತ್ರವಿಲ್ಲ, ಇರುವುದೆಲ್ಲ ವರ್ಣನೆ. ಆಡುವವನು ‘ದೀಪ ತೆಗೆದುಕೊ’, ‘ಉತ್ತರಕ್ಕೆ ಹೋಗು’ ಎಂಬಂತಹ ಆಜ್ಞೆಗಳನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿ ಗುಹೆಯೊಳಗೆ ನಡೆಯಬೇಕು. ಇಂತಹುದನ್ನು ಕಟ್ಟಲು ಪ್ರೋಗ್ರಾಮ್ ಬರೆಯುವ ಪಾಂಡಿತ್ಯವು ಬೇಕಾಗಿತ್ತು. 1983ರಲ್ಲಿ ಗ್ರೇಮ್ ಯಾಂಡಲ್ ಎಂಬವರು ರಚಿಸಿದ ‘ದಿ ಕ್ವಿಲ್’ ಆ ತೊಡಕನ್ನು ನೀಗಿಸಿತು. ವೇಲ್ಸಿನ ಗಿಲ್‌ಸಾಫ್ಟ್ ಸಂಸ್ಥೆಯು ಅದನ್ನು ಸ್ಪೆಕ್ಟ್ರಮ್ ಗಣಕಕ್ಕಾಗಿ ಪ್ರಕಟಿಸಿತು. ಸ್ಥಳಗಳು, ವಸ್ತುಗಳು, ಪದಗಳು, ಇಂತಹ ಆಜ್ಞೆಗೆ ಇಂತಹ ಪರಿಣಾಮವೆಂಬ ಕೋಷ್ಟಕ: ಇಷ್ಟನ್ನು ತುಂಬಿದರೆ ಉಳಿದ ದುಡಿಮೆಯೆಲ್ಲ ಯಂತ್ರದ್ದು. ಕತೆ ಬಲ್ಲವರೂ ಆಟ ಕಟ್ಟಬಹುದಾಯಿತು.

ನನ್ನ ಕುತೂಹಲವಿರುವುದು ಪದಗಳ ವಿಷಯದಲ್ಲಿ. ಕ್ವಿಲ್ ಪ್ರತಿ ಪದದ ಮೊದಲ ನಾಲ್ಕು ಅಕ್ಷರಗಳನ್ನು ಮಾತ್ರ ನೋಡುತ್ತಿತ್ತು. ಇಂಗ್ಲಿಷಿಗೆ ಇದು ಬರಿಯ ಮಿತವ್ಯಯ. ನಮ್ಮ ನುಡಿಗೋ, ಅಯಾಚಿತವಾಗಿ ದೊರೆತ ಸೌಕರ್ಯ! ರೋಮನ್ ಲಿಪಿಯಲ್ಲಿ ‘ದೀಪ’ ಎಂಬುದನ್ನು ನಾಲ್ಕಕ್ಷರದಲ್ಲಿ ಬರೆದರೆ, ‘ದೀಪವನ್ನು’ ಎಂದರೂ ‘ದೀಪದಿಂದ’ ಎಂದರೂ ವಿಭಕ್ತಿಪ್ರತ್ಯಯವು ತಾನಾಗಿಯೇ ಕಳಚಿ ಬೀಳುತ್ತದೆ. ತೊಂದರೆಯೂ ಉಂಟು: ಮರಕ್ಕೂ ಮರಳಿಗೂ ಭೇದವೇ ಉಳಿಯದು. ಇನ್ನು ಲಿಪಿಯ ಮಾತು. ಸ್ಪೆಕ್ಟ್ರಮ್ಮಿನಲ್ಲಿ ಒಂದಕ್ಷರಕ್ಕೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಮನೆ. ಅಷ್ಟರಲ್ಲಿ ‘ಕ್ಷ್ಮೀ’ಯನ್ನು ಕೂರಿಸುವುದು ಹೇಗೆ?

1991ರಲ್ಲಿ ಯೂನಿಕೋಡ್ ಕನ್ನಡಕ್ಕೆ ಸ್ಥಾನವನ್ನಿತ್ತಿತು. 2009ರಲ್ಲಿ ಬಂದ ‘ಟ್ವೈನ್’ ಸಾಧನದಲ್ಲಿ ಇಂದು ನಮ್ಮ ಲಿಪಿಯಲ್ಲಿಯೇ ಕವಲೊಡೆಯುವ ಕತೆಯನ್ನು ಹೆಣೆಯಬಹುದು. ಆದರೂ ನನಗೆ ಅರ್ಧ ಸಂತೋಷವೇ. ಅಲ್ಲಿ ಓದುಗನು ಸಾಮಾನ್ಯವಾಗಿ ಮುಂದಿರಿಸಿದ ಪದಗಳನ್ನು ಒತ್ತಿದರೆ ಸಾಕು, ತಾನೇ ಬರೆಯಬೇಕಾಗಿಲ್ಲ. ನಮ್ಮ ಬೀದಿಯ ಮಕ್ಕಳು ಶಾಲೆಯಲ್ಲಿ ತೆಲುಗು, ಇಂಗ್ಲಿಷು ಬರೆಯುತ್ತಾರೆ. ಕನ್ನಡವು ಅಡಿಗೆಮನೆಯ ಮಾತಾಗಿ ನಿಂತಿದೆ. ‘ದೀಪವನ್ನು ಹಚ್ಚು’ ಎಂದು ತಾವೇ ಬರೆಯದ ಹೊರತು ಕತ್ತಲೆ ಕರಗದ ಒಂದು ಗುಹೆಯನ್ನು, ನಾಲ್ಕಾರು ಕೋಣೆಗಳದ್ದಾದರೂ ಸರಿ, ನಮ್ಮ ತರುಣ ಇಂಜಿನಿಯರರು ಅವರಿಗೆ ಕಟ್ಟಿಕೊಡಬಾರದೇಕೆ?