ಕೆಂಪು ಕುಬ್ಜದ ಏರಿಳಿತ

ನಿರ್ಮಲವಾದ ಇರುಳಿನಲ್ಲಿ ಸೈದಾಪುರದ ಬಯಲಿನಿಂದ ಸಾವಿರಾರು ನಕ್ಷತ್ರಗಳು ಕಾಣುತ್ತವೆ. ಅವುಗಳಲ್ಲಿ ಒಂದೂ ಕೆಂಪು ಕುಬ್ಜವಲ್ಲ. ಸೂರ್ಯನಿಗಿಂತ ಚಿಕ್ಕವೂ ತಂಪಾದವೂ ಆದ ಈ ನಕ್ಷತ್ರಗಳೇ ಆಕಾಶಗಂಗೆಯಲ್ಲಿ ಅಧಿಕವಾಗಿದ್ದರೂ, ಬೆಳಕು ಮಂದವಾದುದರಿಂದ ಅವು ಬರಿಗಣ್ಣಿಗೆ ಗೋಚರಿಸವು.

ಅವುಗಳ ಸ್ವಭಾವವನ್ನು ಅರಿಯಲು ಸೂರ್ಯನೇ ನಮಗೆ ಮೊದಲ ಪಾಠ. ಸೂರ್ಯನ ಕಾಂತಕ್ಷೇತ್ರದಿಂದ ಮೂಡುವ ಕಪ್ಪು ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ, ಮತ್ತೆ ಕುಗ್ಗುತ್ತವೆ. ಈಗ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿರುವ ಕೊಡೈಕನಾಲ್ ವೀಕ್ಷಣಾಲಯವು ನೂರು ವರ್ಷಗಳಿಗೂ ಮಿಕ್ಕು ಈ ಏರಿಳಿತವನ್ನು ದಾಖಲಿಸಿದೆ.

ಸೂರ್ಯನಲ್ಲಿ ಶಾಂತವಾದ ಒಳಭಾಗವೂ ಕುದಿಯುವ ಹೊರಭಾಗವೂ ಇವೆ. ಇವೆರಡರ ಗಡಿಯೇ ಈ ಆವರ್ತಕ್ಕೆ ಮೂಲವೆಂದು ಅನೇಕ ವಿಜ್ಞಾನಿಗಳು ಭಾವಿಸಿದ್ದರು. ಆದರೆ ನಮಗೆ ಅತ್ಯಂತ ಸಮೀಪದ ಕೆಂಪು ಕುಬ್ಜವಾದ ಪ್ರಾಕ್ಸಿಮಾ ಸೆಂಟಾರಿಯು ತಿರುಳಿನವರೆಗೂ ಕುದಿಯುತ್ತದೆ. ಅಲ್ಲಿ ಅಂತಹ ಗಡಿಯೇ ಇಲ್ಲ. ಹೀಗಿದ್ದೂ ಅದರಲ್ಲಿ ಸುಮಾರು 7 ವರ್ಷಗಳ ಆವರ್ತವಿರುವ ಕುರುಹುಗಳು ದೀರ್ಘಕಾಲದ ವೀಕ್ಷಣೆಯಿಂದ ದೊರೆತಿವೆ.

ಇದು ಕೇವಲ ಕುತೂಹಲದ ವಿಷಯವಲ್ಲ. ಆ ನಕ್ಷತ್ರವನ್ನು ಸುತ್ತುವ ಗ್ರಹವೊಂದು 2016ರಲ್ಲಿ ಪತ್ತೆಯಾಯಿತು. ನಕ್ಷತ್ರದ ಕಾಂತೀಯ ಸ್ಫೋಟಗಳು ಗ್ರಹದ ವಾಯುಮಂಡಲವನ್ನೇ ಕ್ರಮೇಣ ಕಳೆಯಬಲ್ಲವು. ಅಲ್ಲಿ ಜೀವಕ್ಕೆ ಎಡೆಯುಂಟೇ ಎಂಬುದನ್ನು ತಿಳಿಯಬೇಕಾದರೆ ಈ ಏರಿಳಿತವನ್ನು ದಶಕಗಳ ಕಾಲ ಅಳೆಯಬೇಕು. ಒಂದು ತಲೆಮಾರು ಆರಂಭಿಸಿದ ಈ ಕಾರ್ಯವನ್ನು ಮುಂದಿನ ತಲೆಮಾರು ಮುಂದುವರಿಸಬೇಕಾಗಿದೆ.