ಎತ್ತರಿಸಿದ ಜೀಪಿಗೆ ಹೊಸ ಶಾಕ್: ತಪ್ಪು ಕಲ್ಪನೆ ಮತ್ತು ಸತ್ಯ

ಮಲೆನಾಡಿನ ಎಸ್ಟೇಟು ಹಾದಿಗಳಲ್ಲಿ ಜಿಪ್ಸಿ, ಹಳೆಯ ಮಹೀಂದ್ರಾ ಜೀಪುಗಳನ್ನು ಎತ್ತರಿಸಿ ಓಡಿಸುವ ಹಲವರಲ್ಲಿ ಬೇರೂರಿರುವ ನಂಬಿಕೆಯೊಂದಿದೆ: ಉದ್ದನೆಯ ಶಾಕ್ ಹಾಕಿಸಿದರೆ ಗಾಡಿ ಎತ್ತರವಾಗುತ್ತದೆ. ಇಲ್ಲ, ಆಗುವುದಿಲ್ಲ. ಭಾರ ಹೊರುವುದೂ ಎತ್ತರ ಕೊಡುವುದೂ ಸ್ಪ್ರಿಂಗ್. ಶಾಕ್ ಅಬ್ಸಾರ್ಬರಿನ ಕೆಲಸ ಆ ಸ್ಪ್ರಿಂಗಿನ ಕುಣಿತವನ್ನು ಹಿಡಿದು ನಿಲ್ಲಿಸುವುದು. ಪಿಸ್ಟನ್ ಒಳಗಿನ ಎಣ್ಣೆಯನ್ನು ಸಣ್ಣ ವಾಲ್ವುಗಳ ಮೂಲಕ ನುಗ್ಗಿಸುವಾಗ ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಕಲ್ಲುಹಾದಿ ಮುಗಿಸಿ ಬಂದಾಗ ಶಾಕ್ ಬಿಸಿಯಾಗಿದ್ದರೆ ಅದು ದುಡಿದಿದೆ ಎಂದರ್ಥ. ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ದರೆ ಅನುಮಾನ ಪಡಬೇಕಾದ್ದು ಅದರ ಮೇಲೆ. ಗ್ಯಾಸ್ ಶಾಕ್ ಗಾಡಿಯನ್ನು ತುಸು ಮೇಲಕ್ಕೆ ತಳ್ಳುವುದು ನಿಜ, ಆದರೆ ಅದನ್ನು ನೆಚ್ಚಿಕೊಂಡು ಎತ್ತರದ ಲೆಕ್ಕ ಹಾಕುವಂತಿಲ್ಲ.

ಇದಕ್ಕಿಂತ ಹೆಚ್ಚು ಹಾನಿ ಮಾಡುವ ಕಲ್ಪನೆ ಇನ್ನೊಂದು: “ಎರಡು ಇಂಚು ಎತ್ತರಿಸಿದ್ದೇನೆ, ಎರಡು ಇಂಚು ಉದ್ದದ ಶಾಕ್ ಕೊಡಿ.” ಶಾಕಿಗೆ ಇರುವುದು ಒಂದು ಉದ್ದವಲ್ಲ, ಎರಡು. ಪೂರ್ತಿ ಚಾಚಿದಾಗಿನದು ಒಂದು, ಪೂರ್ತಿ ಒಳಸೇರಿದಾಗಿನದು ಇನ್ನೊಂದು. ಎತ್ತರಿಸಿದ ಗಾಡಿಯಲ್ಲಿ ಹಳೆಯ ಶಾಕನ್ನೇ ಬಿಟ್ಟರೆ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಅದು ತುದಿ ಮುಟ್ಟಿ ಠಕ್ಕೆಂದು ಎಳೆಯುತ್ತದೆ. ಅತಿ ಉದ್ದದ್ದು ಹಾಕಿದರೆ ಅಪಾಯ ಇನ್ನೂ ದೊಡ್ಡದು. ಆಕ್ಸಲ್ ಮೇಲೆದ್ದಾಗ ಬಂಪ್ ಸ್ಟಾಪಿನ ರಬ್ಬರ್ ತಾಗುವ ಮೊದಲೇ ಶಾಕ್ ಒಳಗೆ ತಳ ಮುಟ್ಟಿಬಿಡುತ್ತದೆ. ಆಗ ಗಾಡಿಯ ಹೊಡೆತವೆಲ್ಲ ಪಿಸ್ಟನ್ ಮೇಲೆ, ಮೌಂಟಿನ ವೆಲ್ಡಿಂಗ್ ಮೇಲೆ ಬೀಳುತ್ತದೆ. ಶಾಕ್ ಬಾಗಿ, ಬ್ರಾಕೆಟ್ ಹರಿದು ಬಂದ ಗಾಡಿಗಳಲ್ಲಿ ಬೈಗುಳ ತಿನ್ನುವುದು ಶಾಕ್ ಕಂಪನಿ. ತಪ್ಪು ಹಲವು ಸಲ ಅಳತೆಯದ್ದು.

ಆದ್ದರಿಂದ ಟೇಪ್ ಹಿಡಿಯಬೇಕಾದ್ದು ಅಂಗಡಿಗೆ ಹೋಗುವ ಮೊದಲು. ಹಳೆಯ ಶಾಕ್ ಬಿಚ್ಚಿ, ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಮೂರು ಅಳತೆ ತೆಗೆಯಿರಿ: ಗಾಡಿ ಸಮನೆಲದಲ್ಲಿ ನಿಂತಾಗ, ಆಕ್ಸಲ್ ಬಂಪ್ ಸ್ಟಾಪಿಗೆ ಒತ್ತಿದಾಗ, ಚಕ್ರ ಪೂರ್ತಿ ಇಳಿಬಿದ್ದಾಗ. ಮುಚ್ಚಿದ ಶಾಕ್ ಎರಡನೆಯ ಅಳತೆಗಿಂತ ಸ್ಪಷ್ಟವಾಗಿ ಗಿಡ್ಡವಿರಬೇಕು, ಚಾಚಿದ ಶಾಕ್ ಮೂರನೆಯದಕ್ಕಿಂತ ಉದ್ದವಿರಬೇಕು. ಎರಡೂ ಹೊಂದುವ ಶಾಕ್ ಸಿಗದಿದ್ದರೆ ಬಂಪ್ ಸ್ಟಾಪನ್ನು ಕೆಳಗಿಳಿಸಬೇಕು. ಹಾಗೆಯೇ ಚಕ್ರ ಇಳಿಬಿಟ್ಟಾಗ ಬ್ರೇಕ್ ಹೋಸ್ ನೋಡಿ. ಇದುವರೆಗೆ ಹಳೆಯ ಗಿಡ್ಡ ಶಾಕೇ ಆಕ್ಸಲನ್ನು ತಡೆದು ಹೋಸನ್ನು ಕಾಪಾಡುತ್ತಿರುತ್ತದೆ. ಉದ್ದದ್ದು ಬಂದ ಮೇಲೆ ಎಳೆತ ಹೋಸಿಗೇ ಬೀಳಬಹುದು. ಬ್ರೇಕಿನ ವಿಷಯವಾದ್ದರಿಂದ ಇದೊಂದನ್ನು ಯಾರೂ ನಾಳೆಗೆ ಮುಂದೂಡಬಾರದು.

“ಗಟ್ಟಿ ಶಾಕ್ ಒಳ್ಳೆಯ ಶಾಕ್” ಎಂಬುದೂ ಸುಳ್ಳು. ಸ್ಪ್ರಿಂಗಿಗೆ ಹೊಂದದಷ್ಟು ಬಿಗಿಯಾದ ಶಾಕ್, ಸಾಲು ಕಲ್ಲುಗಳ ಮೇಲೆ ಚಕ್ರವನ್ನು ಬೇಗ ಕೆಳಗೆ ಬಿಡುವುದಿಲ್ಲ. ಟೈರು ನೆಲ ಬಿಟ್ಟರೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಕಬ್ಬಿಣದ ಬಂಪರ್, ವಿಂಚ್ ಹೊತ್ತ ಗಾಡಿಗೆ ಬೇಕಾದದ್ದು ಖಾಲಿ ಗಾಡಿಗೆ ಅತಿಯಾಗುತ್ತದೆ.

ಕೂರಿಸುವಾಗಿನ ತಪ್ಪುಗಳಲ್ಲಿ ಬಹಳ ಕಡೆ ನಡೆಯುವುದು, ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿಯುವುದು. ರಬ್ಬರ್ ಬುಷ್ ಆ ಭಂಗಿಯಲ್ಲೇ ಕಚ್ಚಿಕೊಂಡು, ಗಾಡಿ ಇಳಿಸಿದ ಕ್ಷಣದಿಂದ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆಯೇ ಕೊನೆಯ ಬಿಗಿತ. ಪಿಸ್ಟನ್ ರಾಡನ್ನು ಪ್ಲೈಯರಿನಲ್ಲಿ ಹಿಡಿಯಲೇಬಾರದು, ಒಂದು ಗೀರು ಸಾಕು ಸೀಲ್ ಕೆಡಲು. ಮಲಗಿಸಿಟ್ಟಿದ್ದ ಟ್ವಿನ್ ಟ್ಯೂಬ್ ಶಾಕನ್ನು ನೇರ ನಿಲ್ಲಿಸಿ ಕೆಲವು ಸಲ ಒತ್ತಿ, ಎಳೆದು ಗಾಳಿ ಹೊರಡಿಸಿದ ಮೇಲೆ ಕೂರಿಸಬೇಕು.

ಎಲ್ಲ ಗಾಡಿಗೂ ಒಂದೇ ವಿಧಾನ ಎನ್ನುವವರಿಗೆ ಒಂದು ಎಚ್ಚರಿಕೆ. ಜಿಪ್ಸಿಯ ಲೀಫ್ ಸ್ಪ್ರಿಂಗ್ ಆಕ್ಸಲನ್ನು ತಾನೇ ಹಿಡಿದುಕೊಂಡಿರುತ್ತದೆ. ಜಿಮ್ನಿಯಲ್ಲಿ ಕಾಯಿಲ್ ಸ್ಪ್ರಿಂಗ್. ಅಲ್ಲಿ ಎರಡೂ ಬದಿಯ ಶಾಕ್ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಜಾರಿ ಸ್ಪ್ರಿಂಗ್ ಕಳಚಿ ಬೀಳಬಹುದು, ಹಾಗಾಗಿ ಆಕ್ಸಲಿಗೆ ಆಸರೆ ಕೊಟ್ಟು ಒಂದೊಂದೇ ಬದಿ ಮಾಡಬೇಕು. 2020ರ ಥಾರಿನಲ್ಲಿ ಶಾಕಿನ ಸುತ್ತಲೇ ಒತ್ತಡದಲ್ಲಿ ಕೂತ ಸ್ಪ್ರಿಂಗ್ ಇದೆ. ಕಂಪ್ರೆಸರ್ ಇಲ್ಲದೆ ಅದರ ಮೇಲಿನ ನಟ್ ಬಿಚ್ಚಿದರೆ ಜೀವಕ್ಕೇ ಅಪಾಯ. ಅದನ್ನು ಸಲಕರಣೆ ಇರುವ ಗ್ಯಾರೇಜಿಗೇ ಬಿಡಿ, ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ.