ಸೋಡಾ ನಾಲಿಗೆಯನ್ನು ಕಚ್ಚುವುದೇಕೆ?

ಬೇಸಿಗೆಯ ಮಧ್ಯಾಹ್ನ ಕರಾವಳಿಯ ಊರೊಂದರಲ್ಲಿ ಬಸ್ಸಿನಿಂದ ಇಳಿದು ಗೋಲಿ ಸೋಡಾ ಕುಡಿದವರಿಗೆ ಅದರ ರುಚಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅದು ಸಿಹಿಯಲ್ಲ, ಉಪ್ಪಲ್ಲ, ಖಾರವಲ್ಲ. ಹುಳಿ ಎನ್ನೋಣವೆಂದರೆ ಬರಿಯ ಹುಳಿಯೂ ಅಲ್ಲ. ನಾಲಿಗೆಗೆ ನೂರಾರು ಸೂಜಿಗಳನ್ನು ಒಮ್ಮೆಗೇ ಊರಿದಂತೆ ಅದು ಕಚ್ಚುತ್ತದೆ; ಮೂಗಿಗೆ ಏರುತ್ತದೆ; ಕಣ್ಣಿನಲ್ಲಿ ನೀರು ತರಿಸುತ್ತದೆ. ಆದರೂ ಬಾಟಲಿ ಬರಿದಾಗುವ ತನಕ ಕೆಳಗಿಡಲು ಮನಸ್ಸಾಗುವುದಿಲ್ಲ. ಈ ಕಚ್ಚುವ ಗುಣ ಅದಕ್ಕೆ ಎಲ್ಲಿಂದ ಬಂತು?

ಒಮ್ಮೆ ತರಗತಿಯಲ್ಲಿ ಅನಿಲಗಳು ನೀರಿನಲ್ಲಿ ಕರಗುವ ಬಗೆಯನ್ನು ಕುರಿತು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಇದೇ ಪ್ರಶ್ನೆಯನ್ನು ಕೇಳಿದಳು. ನಾನು ಹಿಂದುಮುಂದು ನೋಡದೆ, “ಗುಳ್ಳೆಗಳು ನಾಲಿಗೆಯ ಮೇಲೆ ಒಡೆಯುತ್ತವೆ, ಆ ಪೆಟ್ಟೇ ನಮಗೆ ಚುರುಕಾಗಿ ತೋರುತ್ತದೆ” ಎಂದೆ. “ಹಾಗಾದರೆ ಹಾಲಿನ ನೊರೆಯಲ್ಲಿಯೂ ಗುಳ್ಳೆಗಳಿವೆಯಲ್ಲ, ಸರ್? ಅದೇಕೆ ಕಚ್ಚುವುದಿಲ್ಲ?” ಎಂದು ಅವಳು ಮತ್ತೆ ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಗಂಟೆ ನನ್ನನ್ನು ಪಾರುಮಾಡಿತು. ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ.

ಆ ರಜೆಯಲ್ಲಿ ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ ಹೋಗುವ ಸಂದರ್ಭ ಒದಗಿತು. ಮೂರು ಊರುಗಳಲ್ಲಿಯೂ ಇಳಿದು ಸೋಡಾ ಕುಡಿಯುವುದೆಂದೂ, ಕುಡಿದುದನ್ನು ಕಿರುಪುಸ್ತಕದಲ್ಲಿ ಗುರುತುಮಾಡಿಕೊಳ್ಳುವುದೆಂದೂ ನಿಶ್ಚಯಿಸಿದೆ. ರುಚಿ ನೋಡುವುದು ವಿಜ್ಞಾನವೇ ಎಂದು ವಾಚಕರು ನಗಬಹುದು. ನಾಲಿಗೆಯೂ ಒಂದು ಉಪಕರಣವೇ. ಉಳಿದ ಉಪಕರಣಗಳಂತೆ ಅದನ್ನೂ ಎಚ್ಚರಿಕೆಯಿಂದ ಬಳಸಬೇಕು, ಅಷ್ಟೆ.

ಭಟ್ಕಳ: ಬಾಟಲಿಯೊಳಗಿನ ಒತ್ತಡ

ಭಟ್ಕಳದ ಸಣ್ಣ ಅಂಗಡಿಯೊಂದರಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಿಂದ ತೆಗೆದ ಬಾಟಲಿಯೇ ನನ್ನ ಮೊದಲನೆಯ ಪ್ರಯೋಗವಸ್ತು. ಇದರ ಕಂಠದಲ್ಲಿ ರಬ್ಬರಿನ ಬಳೆಯೊಂದಿದೆ. ಅದಕ್ಕೆ ಒಳಗಿನಿಂದ ಗಾಜಿನ ಗೋಲಿ ಒತ್ತಿಕೊಂಡಿದೆ. ೧೮೭೦ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತನು ರೂಪಿಸಿದ ಉಪಾಯವಿದು. ಇತರ ಬಾಟಲಿಗಳಲ್ಲಿ ಒತ್ತಡವು ಬಿರಡೆಯನ್ನು ಹೊರಕ್ಕೆ ತಳ್ಳುತ್ತದೆ. ಇಲ್ಲಿಯಾದರೋ ಒತ್ತಡ ಹೆಚ್ಚಿದಷ್ಟೂ ಬಾಯಿ ಬಿಗಿಯಾಗುತ್ತದೆ. ಹೊರಗೆ ಬರಲು ಹವಣಿಸುವ ಅನಿಲವೇ ತನ್ನ ಸೆರೆಮನೆಯ ಬಾಗಿಲನ್ನು ಒಳಗಿನಿಂದ ಮುಚ್ಚಿ ಹಿಡಿದಿರುತ್ತದೆ.

ಆ ಹಿಡಿತ ಎಷ್ಟು? ಒಳಗಿನ ಒತ್ತಡ ೪ ವಾಯುಭಾರವೆಂದೂ ಬಾಯಿಯ ವ್ಯಾಸ ೧.೨ ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳೋಣ. ಹೊರಗಿನ ಗಾಳಿಯ ಒಂದು ವಾಯುಭಾರವನ್ನು ಕಳೆದರೆ ಉಳಿದ ಮೂರು ವಾಯುಭಾರ ಗೋಲಿಯನ್ನು ಮೇಲಕ್ಕೆ ಒತ್ತುತ್ತದೆ. ಲೆಕ್ಕ ಹಾಕಿದರೆ ಇದು ಸುಮಾರು ಮೂರೂವರೆ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ. ಅಂಗಡಿಯವರು ಮರದ ಗುಬುಟನ್ನು ಬಾಯಿಗಿಟ್ಟು ಅಂಗೈಯಿಂದ ಗುದ್ದುವುದು ಏಕೆಂಬುದು ಇದರಿಂದ ತಿಳಿಯುತ್ತದೆ.

ಒಳಗಿರುವ ಅನಿಲ ಇಂಗಾಲದ ಡೈಆಕ್ಸೈಡ್. ಹಳೆಯ ಪುಸ್ತಕಗಳು ಇದನ್ನೇ ಇಂಗಾಲಾಮ್ಲ ವಾಯು ಎಂದು ಕರೆದಿವೆ. ಕಳ್ಳಿನಲ್ಲಿ ನೊರೆ ಎಬ್ಬಿಸುವುದೂ, ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕಳ್ಳು ಬೆರೆಸಿದ ಸಾನ್ನದ ಹಿಟ್ಟನ್ನು ಉಬ್ಬಿಸುವುದೂ ಇದೇ. ಇದನ್ನು ನೀರಿಗೆ ಕೂಡಿಸಿದ ಕಥೆಯೂ ಹುದುಗುವ ಪಾನೀಯದಿಂದಲೇ ಮೊದಲಾಗುತ್ತದೆ. ೧೭೬೭ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯ ಮನೆಯ ಪಕ್ಕದಲ್ಲಿ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ಗಾಳಿಗಿಂತ ಭಾರವಾದ ಅನಿಲವೊಂದು ಪದರವಾಗಿ ನಿಂತಿರುವುದನ್ನು ಆತನು ಕಂಡನು. ಆ ಪದರದಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ಯುತ್ತ ಬಂದಾಗ ನೀರಿಗೆ ಹಿತವಾದ ಚುರುಕು ಬಂದಿತು. ೧೭೭೨ರಲ್ಲಿ ಆತನು ಈ ವಿಧಾನವನ್ನು ಕಿರುಹೊತ್ತಗೆಯಾಗಿ ಪ್ರಕಟಿಸಿದನು. ಮುಂದೆ ೧೮೦೩ರಲ್ಲಿ ವಿಲಿಯಂ ಹೆನ್ರಿಯು, ನೀರಿನಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಒತ್ತಡಕ್ಕೆ ಅನುಗುಣವಾಗಿರುತ್ತದೆಂಬ ನಿಯಮವನ್ನು ಹೇಳಿದನು. ಒಂದು ವಾಯುಭಾರದಲ್ಲಿ, ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಲೀಟರ್ ನೀರು ಈ ಅನಿಲವನ್ನು ಸುಮಾರು ಒಂದೂವರೆ ಗ್ರಾಂ ಕರಗಿಸಿಕೊಳ್ಳುತ್ತದೆ. ನಾಲ್ಕು ವಾಯುಭಾರದಲ್ಲಿ ಅದರ ನಾಲ್ಕು ಪಟ್ಟು. ೨೦೦ ಮಿಲಿಲೀಟರ್ ಸೋಡಾದಲ್ಲಿ ಹೀಗೆ ಅಡಗಿರುವ ಅನಿಲವನ್ನೆಲ್ಲ ಹೊರಗೆ ಬಿಟ್ಟರೆ ಅದು ಸುಮಾರು ಮೂರು ಬಾಟಲಿಗಳನ್ನು ತುಂಬೀತು!

ಇನ್ನು ರುಚಿ. ಕಿರುಪುಸ್ತಕದಲ್ಲಿ ನಾನು ಬರೆದುಕೊಂಡುದು ಇಷ್ಟು: “ತುಂಬ ತಂಪು. ಲೋಟದಲ್ಲಿ ಗುಳ್ಳೆ ಕಡಿಮೆ. ಕಚ್ಚುವಿಕೆ ಬಹಳ ಜೋರು.” ಬರೆದ ಮೇಲೆ ಸಾಲನ್ನು ಮತ್ತೊಮ್ಮೆ ಓದಿದೆ. ಗುಳ್ಳೆ ಕಡಿಮೆಯಿದ್ದು ಕಚ್ಚುವಿಕೆ ಜೋರಾಗುವುದೆಂದರೇನು? ತಂಪು ನೀರು ಅನಿಲವನ್ನು ಹೆಚ್ಚು ಹಿಡಿದಿಡುತ್ತದೆಂಬುದು ನಿಜ. ಸೊನ್ನೆ ಡಿಗ್ರಿಯಲ್ಲಿ ಒಂದೂವರೆ ಗ್ರಾಮಿಗೆ ಬದಲು ೩.೩ ಗ್ರಾಂ ಕರಗಿರಬಲ್ಲದು. ಆದುದರಿಂದಲೇ ಗುಳ್ಳೆ ಕಡಿಮೆ. ಆದರೆ ಒಡೆಯುವ ಗುಳ್ಳೆಯೇ ಕಚ್ಚುವುದಾದರೆ ಈ ಸೋಡಾ ಸಪ್ಪೆಯಾಗಿರಬೇಕಿತ್ತು. ತಂಪು ತಾನಾಗಿಯೇ ನಾಲಿಗೆಯನ್ನು ಚುರುಗುಟ್ಟಿಸುತ್ತಿರಬಹುದೆಂಬ ಸಂಶಯವೂ ಇದ್ದುದರಿಂದ ತೀರ್ಮಾನವನ್ನು ಮುಂದಿನ ಊರಿಗೆ ಬಿಟ್ಟೆ.

ಹೊನ್ನಾವರ: ಉಪ್ಪಿನ ನೊರೆ

ಹೊನ್ನಾವರದಲ್ಲಿ ಉಪ್ಪು ಸೋಡಾ ಕೇಳಿದೆ. ಲಿಂಬೆಯ ಹುಳಿ ಲೆಕ್ಕವನ್ನು ಕೆಡಿಸದಿರಲೆಂದು ಲಿಂಬೆ ಬೇಡವೆಂದೆ. ಒಂದೇ ಬಾಟಲಿಯ ಸೋಡಾವನ್ನು ಎರಡು ಲೋಟಗಳಿಗೆ ಸಮನಾಗಿ ಹೊಯ್ಯಿಸಿ, ಒಂದಕ್ಕೆ ಮಾತ್ರ ಉಪ್ಪು ಹಾಕಿಸಿದೆ. ಉಪ್ಪು ಬಿದ್ದುದೇ ತಡ, ಲೋಟ ಉಕ್ಕಿ ನೊರೆ ಮೇಜಿನ ಮೇಲೆ ಹರಿಯಿತು.

ಇದು ರಾಸಾಯನಿಕ ಕ್ರಿಯೆಯೆಂದು ಅನೇಕರು ತಿಳಿದಿದ್ದಾರೆ. ಇದರಲ್ಲಿ ಮುಖ್ಯವಾದುದು ಭೌತಿಕ ಕ್ರಿಯೆ. ನೀರಿನ ನಡುವೆ ಗುಳ್ಳೆಯೊಂದು ಹೊಸದಾಗಿ ಹುಟ್ಟುವುದು ಸುಲಭವಲ್ಲ. ಮೇಲ್ಮೈ ಕರ್ಷಣವು ಗುಳ್ಳೆಯನ್ನು ಸದಾ ಹಿಚುಕುತ್ತಿರುತ್ತದೆ; ಗುಳ್ಳೆ ಚಿಕ್ಕದಾದಷ್ಟೂ ಹಿಚುಕುವಿಕೆ ಹೆಚ್ಚು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ತ್ರಿಜ್ಯವುಳ್ಳ ಗುಳ್ಳೆಯ ಮೇಲೆ ಹೀಗೆ ಬೀಳುವ ಹೆಚ್ಚಿನ ಒತ್ತಡ ಸುಮಾರು ೧.೪ ವಾಯುಭಾರ. ಅದಕ್ಕಿಂತಲೂ ಚಿಕ್ಕದಾದ ಗುಳ್ಳೆ ಹುಟ್ಟಿದರೂ ಒಡನೆ ಅಳಿದುಹೋಗುತ್ತದೆ. ಆದುದರಿಂದ ಗುಳ್ಳೆಗೆ ಆಸರೆ ಬೇಕು. ಉಪ್ಪಿನ ಹರಳುಗಳ ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಯ ಕಣಗಳು ಅಂಥ ಆಸರೆಯನ್ನು ಸಾವಿರಗಟ್ಟಲೆಯಾಗಿ ಒದಗಿಸುತ್ತವೆ. ಕರಗಿದ್ದ ಅನಿಲ ಆ ಕಣಗಳೊಳಕ್ಕೆ ನುಗ್ಗಿ, ಅವನ್ನು ಹಿಗ್ಗಿಸಿ, ಮೇಲೆದ್ದು ಹೋಗುತ್ತದೆ.

ನೊರೆ ಇನ್ನೂ ಏಳುತ್ತಿದ್ದಾಗಲೇ ಎರಡು ಲೋಟಗಳ ರುಚಿಯನ್ನೂ ನೋಡಿದೆ. ನನ್ನ ಉತ್ತರ ಸರಿಯಾಗಿದ್ದರೆ ನೊರೆ ತುಂಬಿದ ಲೋಟವೇ ಹೆಚ್ಚು ಕಚ್ಚಬೇಕಿತ್ತು. ಆದುದು ಅದಕ್ಕೆ ತೀರ ವಿರುದ್ಧ. ಉಪ್ಪಿನ ಲೋಟ ಮೆತ್ತಗಾಗಿತ್ತು. ಸುಮ್ಮನೆ ನಿಂತಿದ್ದ ಲೋಟವೇ ಚುರುಕಾಗಿತ್ತು. ನನ್ನ ಮುಖಭಾವವನ್ನು ಕಂಡ ಅಂಗಡಿಯವರು, “ಉಪ್ಪು ಹಾಕಿರೆ ಗ್ಯಾಸು ಹೋಗ್ತದೆ, ಮಾಸ್ತರ್ರೆ. ನೊರೆ ಬಂತು ಅಂದ್ರೆ ಒಳಗಿದ್ದದ್ದು ಹೊರಗೆ ಹೋಯ್ತು ಅಂತಲೇ ಅಲ್ವಾ?” ಎಂದರು.

ಪಾಠ ಹೇಳುವವನು ಮರೆತಿದ್ದ ಮಾತನ್ನು ಸೋಡಾ ಮಾರುವವರು ನೆನಪಿಸಿಕೊಟ್ಟರು. ಕಣ್ಣಿಗೆ ಕಾಣುವ ಗುಳ್ಳೆ ನೀರನ್ನು ಬಿಟ್ಟು ಹೊರಟ ಅನಿಲ. ಕಚ್ಚುವುದು ಇನ್ನೂ ನೀರಿನಲ್ಲಿಯೇ ಉಳಿದಿರುವ ಅನಿಲವಾಗಿರಬೇಕು.

ಕುಮಟೆ: ಮುರುಗಲಿನ ಸಾಕ್ಷ್ಯ

ಕುಮಟೆಯಲ್ಲಿ ಮುರುಗಲಿನ ಪಾನಕವನ್ನು ಎರಡು ಬಗೆಯಾಗಿ ಮಾಡಿಸಿಕೊಂಡೆ: ಒಂದು ಬರಿಯ ನೀರಿನಲ್ಲಿ, ಇನ್ನೊಂದು ಸೋಡಾದಲ್ಲಿ. ಈ ಹಣ್ಣನ್ನೇ ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ, ಮರಾಠಿಗರು ಕೋಕಂ ಎನ್ನುತ್ತಾರೆ. ಇದರ ಕೆಂಪು ಬಣ್ಣ ಆಮ್ಲದಲ್ಲಿ ಉಜ್ಜ್ವಲವಾಗಿ ಉಳಿಯುತ್ತದೆ. ಅಡುಗೆಸೋಡಾದಂಥ ಕ್ಷಾರವನ್ನು ಸಾಕಷ್ಟು ಬೆರೆಸಿದರೆ ಕೆಂಪಳಿದು ಮಬ್ಬಾದ ನೀಲಿಯತ್ತ ತಿರುಗುತ್ತದೆ. ನನ್ನ ಎರಡು ಲೋಟಗಳೂ ಒಂದೇ ಸಮನೆ ಕೆಂಪಾಗಿದ್ದುವು. ಹೆಸರು ಸೋಡಾ ಎಂದಿದ್ದರೂ ಗೋಲಿ ಬಾಟಲಿಯ ನೀರು ಕ್ಷಾರವಲ್ಲ. ಕರಗಿದ ಅನಿಲದ ಒಂದು ಸಣ್ಣ ಅಂಶ ನೀರಿನೊಡನೆ ಕೂಡಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಸೋಡಾ ನೀರು ನಿಜವಾಗಿ ದುರ್ಬಲವಾದ ಆಮ್ಲ.

ನೀರಿನ ಪಾನಕದಲ್ಲಿ ಮೊದಲು ಸಿಹಿ, ಅನಂತರ ಹುಳಿ. ಸೋಡಾದ ಪಾನಕದಲ್ಲಿ ಹುಳಿಯೇ ಮುಂದಾಗಿ ಸಿಹಿ ಹಿಂದೆ ಸರಿದಿತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಗಡಿಯಾರ ನೋಡುತ್ತ ಗಮನಿಸಿದೆ. ಗುಟುಕು ಬಾಯಿಗೆ ಬಿದ್ದೊಡನೆಯೇ ಕಚ್ಚುವಿಕೆ ತುಂಬಿ ಬರುವುದಿಲ್ಲ. ಕ್ಷಣಕಾಲ ತಡೆದು ಏರುತ್ತದೆ. ನುಂಗಿದ ಮೇಲೂ, ಬಾಯಿಯಲ್ಲಿ ಒಂದು ಗುಳ್ಳೆಯೂ ಇಲ್ಲದಿರುವಾಗ, ಕೆಲವು ಕ್ಷಣ ಉಳಿದಿರುತ್ತದೆ. ಗುಳ್ಳೆಯ ಪೆಟ್ಟಾಗಿದ್ದರೆ ಅದು ಬಿದ್ದಾಗಲೇ ತಿಳಿಯಬೇಕು, ನಿಂತಾಗಲೇ ನಿಲ್ಲಬೇಕು. ತಡವಾಗಿ ಬಂದು ತಡವಾಗಿ ಹೋಗುವುದು ರಾಸಾಯನಿಕ ಕ್ರಿಯೆಯ ಲಕ್ಷಣ.

ಪ್ರಯೋಗಶಾಲೆಯ ತೀರ್ಪು

ಊರಿಗೆ ಹಿಂದಿರುಗಿ ಗ್ರಂಥಗಳನ್ನು ತೆರೆದಾಗ, ಈ ವ್ಯಾಜ್ಯವನ್ನು ವಿಜ್ಞಾನಿಗಳು ನನಗಿಂತ ಮೊದಲೇ ವಿಚಾರಿಸಿದ್ದರೆಂದು ತಿಳಿಯಿತು. ೨೦೦೯ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇಲಿಗಳ ನಾಲಿಗೆಯನ್ನು ಪರೀಕ್ಷಿಸಿ, ಹುಳಿಯನ್ನು ಅರಿಯುವ ಜೀವಕೋಶಗಳೇ ಈ ಅನಿಲದ ರುಚಿಯನ್ನೂ ಅರಿಯುತ್ತವೆಂದು ತೋರಿಸಿತು. ಆ ಕೋಶಗಳ ಹೊರಮೈಯಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವೊಂದಿದೆ. ನೀರೂ ಅನಿಲವೂ ತಾವಾಗಿ ಕೂಡಿ ಆಮ್ಲವಾಗುವುದು ನಿಧಾನ; ಈ ಬಗೆಯ ಕಿಣ್ವದ ಒಂದು ಅಣು ಅಂಥ ಕ್ರಿಯೆಯನ್ನು ಸೆಕೆಂಡಿಗೆ ಹತ್ತು ಲಕ್ಷದಷ್ಟು ಬಾರಿ ನಡೆಸಬಲ್ಲದು. ಈ ಕಿಣ್ವವನ್ನು ತಡೆಯುವ ಅಸೆಟಜೋಲಮೈಡ್ ಎಂಬ ಔಷಧವನ್ನು ಪರ್ವತಾರೋಹಿಗಳು ಎತ್ತರದ ಕಾಯಿಲೆಗಾಗಿ ಸೇವಿಸುವುದುಂಟು. ಶಿಖರದಿಂದಿಳಿದು ಸಂತೋಷದಿಂದ ಬಿಯರ್ ಕುಡಿದರೆ ಅವರಿಗೆ ಅದು ಸಪ್ಪೆ! ಗುಳ್ಳೆಗಳೆಲ್ಲ ಇವೆ, ರುಚಿ ಇಲ್ಲ.

ಹುಳಿಯ ಜೊತೆಗೆ ಬರುವ ಚುಚ್ಚುವಿಕೆಯ ಕಾರಣ ಬೇರೆ. ಅನಿಲವು ಬಾಯಿಯ ಮತ್ತು ಮೂಗಿನ ಒಳಪೊರೆಯನ್ನು ದಾಟಿ, ನೋವನ್ನು ತಿಳಿಸುವ ನರತಂತುಗಳೊಳಗೆ ಆಮ್ಲವಾಗಿ ಅವನ್ನು ಕೆರಳಿಸುತ್ತದೆ. ಸಾಸಿವೆಯ ಘಾಟಿಗೆ ಎಚ್ಚರಗೊಳ್ಳುವ ಗ್ರಾಹಕವೇ ಇಲ್ಲಿಯೂ ಪಾಲುಗೊಳ್ಳುತ್ತದೆಂದು ೨೦೧೦ರಲ್ಲಿ ತಿಳಿದುಬಂದಿತು. ೨೦೧೩ರಲ್ಲಿ ಅಮೆರಿಕದ ಸಂಶೋಧಕರು ಇನ್ನೂ ನೇರವಾದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಹೆಚ್ಚಿನ ವಾಯುಭಾರವುಳ್ಳ ಕೋಣೆಯಲ್ಲಿ ಜನರನ್ನು ಕೂರಿಸಿ ಸೋಡಾ ನೀರಿನ ರುಚಿ ನೋಡಿಸಿದರು. ಆ ಒತ್ತಡದಲ್ಲಿ ಗುಳ್ಳೆಗಳು ಏಳಲಾರವು. ಆದರೂ ಕಚ್ಚುವಿಕೆ ಕುಗ್ಗಲಿಲ್ಲ. ಗುಳ್ಳೆಗಳ ಸ್ಪರ್ಶ ಈ ಅನುಭವಕ್ಕೆ ಸ್ವಲ್ಪ ಮೆರುಗು ಕೊಡಬಹುದು; ಆದರೆ ಅದರ ಮೂಲ ಗುಳ್ಳೆಯಲ್ಲ. ಭಟ್ಕಳದಲ್ಲಿ ನನಗೆ ಬಂದ ಸಂಶಯವೂ ಸುಳ್ಳಾಗಿರಲಿಲ್ಲ. ತಂಪು ಈ ಚುಚ್ಚುವಿಕೆಯನ್ನು ಹೆಚ್ಚಿಸುತ್ತದೆಂದು ಪ್ರಯೋಗಗಳು ತೋರಿಸಿವೆ.

ಕಾಲೇಜು ತೆರೆದ ಮೇಲೆ ಅದೇ ತರಗತಿಗೆ ಹೋಗಿ, ಹಿಂದೆ ನಾನು ಕೊಟ್ಟ ಉತ್ತರವನ್ನು ಹಲಗೆಯ ಮೇಲೆ ಬರೆದು, ಅದರ ಮೇಲೆ ಗೀಟೆಳೆದೆ. ಮೂರು ಊರುಗಳ ಟಿಪ್ಪಣಿಯನ್ನು ಓದಿ ಹೇಳಿದೆ. ನನ್ನ ತಪ್ಪು ಎಲ್ಲಿತ್ತೆಂಬುದು ಆಗ ನನಗೇ ಸ್ಪಷ್ಟವಾಯಿತು. ಗುಳ್ಳೆಯೂ ಕಚ್ಚುವಿಕೆಯೂ ಒಟ್ಟಿಗೆ ಕಾಣುತ್ತವೆ. ಒಟ್ಟಿಗೆ ಕಂಡವುಗಳಲ್ಲಿ ಒಂದನ್ನು ಇನ್ನೊಂದಕ್ಕೆ ಕಾರಣವೆಂದು ಭಾವಿಸಿದೆ. ಅವೆರಡೂ ಕರಗಿದ ಅನಿಲವೆಂಬ ಒಂದೇ ತಾಯಿಯ ಮಕ್ಕಳು. ಎರಡನ್ನೂ ಬೇರ್ಪಡಿಸಿ ನೋಡಲು ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಒಂದು ಚಿಟಿಕೆ ಉಪ್ಪು ಸಾಕಾಯಿತು.

ವಾಚಕರೂ ಇದನ್ನು ಮಾಡಿ ನೋಡಬಹುದು. ಒಂದೇ ಬಾಟಲಿಯ ಸೋಡಾವನ್ನು ಎರಡು ಲೋಟಗಳಿಗೆ ಹಂಚಿ. ಒಂದಕ್ಕೆ ಹರಳುಪ್ಪನ್ನು ಹಾಕಿ ನೊರೆ ಇಳಿಯುವ ತನಕ ಕಾಯಿರಿ. ಅನಂತರ ಅಷ್ಟೇ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಮೊದಲೇ ಕರಗಿಸಿಟ್ಟು, ಇನ್ನೊಂದಕ್ಕೆ ಮೆಲ್ಲನೆ ಬೆರೆಸಿರಿ. ಆಗ ಉಪ್ಪಿನ ರುಚಿ ಎರಡರಲ್ಲಿಯೂ ಬಹುಮಟ್ಟಿಗೆ ಸಮನಾಗುತ್ತದೆ. ಕಣ್ಣು ಮುಚ್ಚಿಕೊಂಡು, ಯಾವುದು ಯಾವುದೆಂದು ಗೆಳೆಯರು ಹೇಳದಂತೆ, ರುಚಿ ನೋಡಿರಿ. ಮುಚ್ಚಿದ ಸೋಡಾ ಬಾಟಲಿಯನ್ನು ಮಾತ್ರ ಬಿಸಿಲಿನಲ್ಲಿಡಬಾರದು, ಕುಲುಕಬಾರದು. ಗಾಜು ಸಿಡಿದರೆ ಅಪಾಯ.

ಪಾಠ ಮುಗಿಯಿತೆಂದು ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಅದೇ ಹುಡುಗಿ ಎದ್ದು ನಿಂತು, “ಅದು ನೋವೇ ಆದರೆ, ದುಡ್ಡು ಕೊಟ್ಟು ನಾವು ಅದನ್ನು ಕುಡಿಯುವುದೇಕೆ, ಸರ್?” ಎಂದಳು. ಮೆಣಸಿನಕಾಯಿಯ ಖಾರವೂ ನೋವೇ, ಅದನ್ನೂ ನಾವು ಪ್ರೀತಿಯಿಂದ ತಿನ್ನುತ್ತೇವೆ ಎಂದು ಹೇಳಲು ಬಾಯಿ ತೆರೆದವನು, ಅದು ಉತ್ತರವಲ್ಲವೆಂದು ತಿಳಿದು ಸುಮ್ಮನಾದೆ. ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷವಿತ್ತು.